ಎಆರ್-15ಕ್ಕೆ ಯಾವ ತೋಟಾ? ಬೇಟೆಗೂ ಗುರಿಗೂ ಸಣ್ಣ ಕ್ಯಾಲಿಬರಿನ ಆಯ್ಕೆ

ಎರಡು ಪಿನ್ನುಗಳನ್ನು ಬೆರಳಿನಿಂದ ಒತ್ತಿ ಸರಿಸಿದರೆ ಎಆರ್-15 ರೈಫಲ್ಲು ಎರಡು ಭಾಗವಾಗಿ ಕೈಗೆ ಬರುತ್ತದೆ. ಕೆಳಭಾಗದಲ್ಲಿ ಟ್ರಿಗರ್, ಹಿಡಿಕೆ ಮತ್ತು ಮ್ಯಾಗಝೀನು ಕೂರುವ ಗೂಡು. ಮೇಲ್ಭಾಗದಲ್ಲಿ ನಳಿಗೆ ಮತ್ತು ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕ್ರಮಸಂಖ್ಯೆ ಕೊರೆದಿರುವ ಕೆಳಭಾಗವೇ ಬಂದೂಕು. ಮೇಲ್ಭಾಗ ಬರಿಯ ಬಿಡಿಭಾಗ. ಹೀಗಾಗಿ ಒಂದೇ ಕೆಳಭಾಗಕ್ಕೆ ಇಂದು ಒಂದು ನಳಿಗೆ, ನಾಳೆ ಇನ್ನೊಂದು ನಳಿಗೆ ಕೂರಿಸಿ, ಒಂದೊಂದಕ್ಕೂ ಬೇರೆ ಬೇರೆ ತೋಟಾ ಹಾಕಬಹುದು. ಟೆಕ್ಸಸ್ಸಿನಲ್ಲಿ ನನಗೆ ಪರಿಚಯವಿರುವ ಕನ್ನಡಿಗರಲ್ಲಿ ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ರೈಫಲ್ಲನ್ನು ತಮ್ಮ ಇಷ್ಟದಂತೆ ಕಟ್ಟಿಸಿಕೊಳ್ಳಲು ಹೊರಟವರ ಮುಂದೆ .22 ಎಲ್ಆರ್‌ನಿಂದ ಹಿಡಿದು 6.5 ಗ್ರೆಂಡೆಲ್‌ವರೆಗೆ ಹತ್ತಾರು ಹೆಸರುಗಳು ಸಾಲುಗಟ್ಟಿ ನಿಲ್ಲುತ್ತವೆ (ಹೆಸರಿನಲ್ಲಿರುವ ಅಂಕಿ ಗುಂಡಿನ ಸುಮಾರು ವ್ಯಾಸ, ಎಂದರೆ ಕ್ಯಾಲಿಬರು: .22 ಇಂಚಿನಲ್ಲಿ, 6.5 ಮಿಲಿಮೀಟರಿನಲ್ಲಿ), ಪ್ರತಿಯೊಂದಕ್ಕೂ ಅದೇ ಶ್ರೇಷ್ಠವೆಂದು ಹೇಳುವವರು ಸಿಗುತ್ತಾರೆ.

ನಮ್ಮ ಮಲೆನಾಡಿನ ಮನೆಯಲ್ಲಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಜೋಡುನಳಿಗೆ ಕೋವಿಯೊಂದಿತ್ತು. ಅಲ್ಲಿ ಆಯ್ಕೆ ಸರಳವಾಗಿತ್ತು: ಹನ್ನೆರಡು ಬೋರಿನ ಕೋವಿ, ಅದಕ್ಕೆ ಚರೆಯ ತೋಟಾ ಅಥವಾ ಗುಂಡಿನ ತೋಟಾ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ಹವ್ಯಾಸದ ಬೇಟೆಗೆ ಜಾಗವೇ ಇಲ್ಲ. ಆದ್ದರಿಂದ ಈ ಬರಹದಲ್ಲಿ ಹೇಳುವುದೆಲ್ಲ ಅಮೆರಿಕದ ನೆಲಕ್ಕೆ, ಅಲ್ಲಿನ ನಿಯಮಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ಹೆಸರುಗಳಿಗಿಂತ ಮೊದಲು ಅಳತೆಗೋಲು

ಮೊದಲ ಅಳತೆಗೋಲು ಕಾನೂನು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯ ಬೇಟೆ ಪರವಾನಗಿ ಇರುವುದು ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಹಸಿರು ಕಾರ್ಡು ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಇದನ್ನು ತಿಳಿಯದೆ ಗೆಳೆಯರ ಜೊತೆ ರೇಂಜಿಗೆ, ಎಂದರೆ ಗುರಿ ಹೊಡೆಯುವ ಮೈದಾನಕ್ಕೆ, ಹೋಗುತ್ತಾರೆ. ವೀಸಾದ ಮೇಲೆ ಬದುಕು ನಿಂತಿರುವಾಗ ಇಂಥ ವಿಷಯದಲ್ಲಿ ಊಹೆ ಕೂಡದು. ವಲಸೆ ಕಾನೂನು ತಿಳಿದ ವಕೀಲರನ್ನು ಒಮ್ಮೆ ಕೇಳಿ ಮುಂದುವರಿಯುವುದು ಒಳ್ಳೆಯದು.

ಆಮೇಲೆ ಬರುವುದು ರಾಜ್ಯದ ಬೇಟೆ ನಿಯಮ. ಕ್ಯಾಲಿಬರಿನ ಆಯ್ಕೆಯನ್ನು ಅದು ನೇರವಾಗಿ ಕತ್ತರಿಸುತ್ತದೆ. ವರ್ಜೀನಿಯಾದಲ್ಲಿ ಜಿಂಕೆಯ ಬೇಟೆಗೆ ರೈಫಲ್ಲಿನ ಕ್ಯಾಲಿಬರು .23 ಅಥವಾ ಅದಕ್ಕಿಂತ ದೊಡ್ಡದಿರಬೇಕು. ಕೊಲರಾಡೊ, ವಾಷಿಂಗ್ಟನ್ ರಾಜ್ಯಗಳಲ್ಲಿ ಜಿಂಕೆಯಂಥ ದೊಡ್ಡ ಪ್ರಾಣಿಗಳಿಗೆ ಕನಿಷ್ಠ .24 ಬೇಕು. ಎಂದರೆ .223 ಹಿಡಿದು ಅಲ್ಲಿ ಜಿಂಕೆಯ ಬೇಟೆಗೆ ಹೋಗುವಂತಿಲ್ಲ. ಟೆಕ್ಸಸ್ಸಿನಲ್ಲಿ ಅಂಥ ಕ್ಯಾಲಿಬರಿನ ಮಿತಿಯಿಲ್ಲ, ಆದರೆ .22 ಎಲ್ಆರ್‌ನಂಥ ರಿಮ್‌ಫೈರ್ ತೋಟಾಗಳಿಂದ (ಮದ್ದು ತುಂಬಿದ ಚಿಪ್ಪಿನ ತಳದ ಅಂಚಿಗೆ ಬಡಿದು ಸಿಡಿಸುವಂಥವು) ಜಿಂಕೆ ಹೊಡೆಯುವುದು ನಿಷಿದ್ಧ. ಪೆನ್ಸಿಲ್ವೇನಿಯಾದಲ್ಲಿ ಸೆಮಿ-ಆಟೊಮ್ಯಾಟಿಕ್ ರೈಫಲ್ಲುಗಳನ್ನು (ಪ್ರತಿ ಈಡಿನ ನಂತರ ಮುಂದಿನ ತೋಟಾವನ್ನು ತಾವೇ ಏರಿಸಿಕೊಳ್ಳುವ, ಎಆರ್-15ರ ಬಗೆಯವು) ಸಣ್ಣ ಪ್ರಾಣಿಗಳಿಗೆ ಬಳಸಬಹುದು, ಜಿಂಕೆಯಂಥ ದೊಡ್ಡ ಪ್ರಾಣಿಗಳಿಗೆ ಬಳಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಬಳಸುವಂತೆಯೇ ಇಲ್ಲ. ಈ ನಿಯಮಗಳು ಬದಲಾಗುತ್ತಿರುತ್ತವೆ. ಆಯಾ ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ವರ್ಷ ಹೊರತರುವ ಬೇಟೆ ಪುಸ್ತಿಕೆಯನ್ನು ಓದಿಯೇ ನಳಿಗೆಗೆ ಹಣ ಕೊಡಬೇಕು.

ಎರಡನೆಯದು ಗುರಿ ಯಾವುದು, ಎಷ್ಟು ದೂರ ಎಂಬುದು. ಇಲ್ಲಿ ಪ್ರಾಮಾಣಿಕತೆ ಬೇಕು. ಟೆಕ್ಸಸ್ಸಿನ ಬೆಟ್ಟಸೀಮೆಯ ಜುನಿಪರ್ ಪೊದೆಗಳ ನಡುವೆ ನೂರೈವತ್ತು ಗಜಕ್ಕಿಂತ ದೂರದ ನೋಟ ಅಪರೂಪ. ವ್ಯೋಮಿಂಗಿನ ಹುಲ್ಲುಗಾವಲಿನಲ್ಲಿ ನಾನೂರು ಗಜ ಸಾಮಾನ್ಯ. ಪೊದೆಯಲ್ಲಿ ಬೇಟೆಯಾಡುವವರು ಹುಲ್ಲುಗಾವಲಿನ ತೋಟಾ ಕೊಂಡರೆ ಹಣ ದಂಡವಷ್ಟೇ. ಆದರೆ ನೂರೈವತ್ತು ಗಜಕ್ಕೆ ತಕ್ಕ ತೋಟಾ ಹಿಡಿದು ನಾನೂರು ಗಜದ ಪ್ರಾಣಿಗೆ ಈಡು ಹೊಡೆದರೆ ಒಂದು ಜೀವ ಗಾಯಗೊಂಡು ಎಲ್ಲೋ ಬಿದ್ದು ನರಳುತ್ತದೆ.

ಮೂರನೆಯದು ಯಂತ್ರದ ಮಿತಿ. ಯೂಜಿನ್ ಸ್ಟೋನರ್ 1950ರ ದಶಕದಲ್ಲಿ ಆರ್ಮಲೈಟ್ ಕಂಪನಿಯಲ್ಲಿ ರೂಪಿಸಿದ ಈ ರೈಫಲ್ಲಿನ ಮ್ಯಾಗಝೀನಿನಲ್ಲಿ ಸುಮಾರು 2.26 ಇಂಚಿಗಿಂತ ಉದ್ದದ ತೋಟಾ ಹಿಡಿಸುವುದಿಲ್ಲ. .243 ವಿಂಚೆಸ್ಟರ್‌ನಂಥ ಹೆಸರಾಂತ ತೋಟಾಗಳು ಈ ಒಂದೇ ಕಾರಣಕ್ಕೆ ಇಲ್ಲಿ ಹೊರಗುಳಿಯುತ್ತವೆ. ಚಿಪ್ಪಿನ ತಳ ದಪ್ಪವಾದಂತೆ ಬೋಲ್ಟಿನ ಮುಖವನ್ನು ಹೆಚ್ಚು ಅಗಲ ಕೊರೆಯಬೇಕು, ಅಷ್ಟರ ಮಟ್ಟಿಗೆ ಬೋಲ್ಟಿನ ಉಕ್ಕು ತೆಳುವಾಗುತ್ತದೆ. ಈ ರೈಫಲ್ಲಿಗೆಂದು ಹುಟ್ಟಿದ ಹೊಸ ತೋಟಾಗಳೆಲ್ಲ ಇದೇ ಉದ್ದ, ಇದೇ ಅಗಲದ ಇಕ್ಕಟ್ಟಿನೊಳಗೆ ಮಾಡಿಕೊಂಡ ರಾಜಿಗಳು.

ನಾಲ್ಕನೆಯದು ಖರ್ಚು. ಇದರಲ್ಲಿ ರೈಫಲ್ಲಿನ ಬೆಲೆ ಚಿಕ್ಕದು, ವರ್ಷವಿಡೀ ಸುಡುವ ತೋಟಾಗಳ ಬೆಲೆ ದೊಡ್ಡದು. ತೋಟಾ ದುಬಾರಿಯಾದರೆ ಅಭ್ಯಾಸ ಕಡಿಮೆಯಾಗುತ್ತದೆ, ಅಭ್ಯಾಸ ಕಡಿಮೆಯಾದರೆ ಎಂಥ ಒಳ್ಳೆಯ ತೋಟಾವೂ ಗುರಿಯ ಪಕ್ಕದಲ್ಲಿ ಹಾದುಹೋಗುತ್ತದೆ. ನನ್ನ ಮಟ್ಟಿಗೆ ಕಾನೂನಿನ ನಂತರ ಅತಿ ಹೆಚ್ಚು ತೂಕ ಕೊಡಬೇಕಾದದ್ದು ಇದಕ್ಕೆ.

.22 ಎಲ್ಆರ್: ಕಲಿಕೆಗೂ ಮೊಲಕ್ಕೂ

1887ರಿಂದ ಬಳಕೆಯಲ್ಲಿರುವ ಈ ಪುಟ್ಟ ತೋಟಾ ಇಂದಿಗೂ ಎಲ್ಲಕ್ಕಿಂತ ಅಗ್ಗ. ನಲವತ್ತು ಗ್ರೇನ್ ತೂಕದ, ಎಂದರೆ ಎರಡೂವರೆ ಗ್ರಾಂ ಚಿಲ್ಲರೆಯ ಸೀಸದ ಗುಂಡು ಸೆಕೆಂಡಿಗೆ ಸಾವಿರದಿಂದ ಸಾವಿರದ ಇನ್ನೂರೈವತ್ತು ಅಡಿ ವೇಗದಲ್ಲಿ ಹೊರಡುತ್ತದೆ. ಭುಜಕ್ಕೆ ಒದೆತವೆಂಬುದು ಇಲ್ಲವೆಂದೇ ಹೇಳಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಐವತ್ತು ಮೀಟರಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಇದೇ ತೋಟಾದಿಂದ. ಅವರ ರೈಫಲ್ಲು ಒಂದೊಂದೇ ತೋಟಾ ತುಂಬುವ ಬಗೆಯದು ಎಂಬುದಷ್ಟೇ ವ್ಯತ್ಯಾಸ.

ಸೆಮಿ-ಆಟೊಮ್ಯಾಟಿಕ್ಕಿನಲ್ಲಿ ಇದಕ್ಕೆ ಎರಡು ದಾರಿಗಳಿವೆ. 1964ರಲ್ಲಿ ಬಂದ ರೂಗರ್ 10/22 ರೈಫಲ್ಲಿಗೆ ನಳಿಗೆ, ಟ್ರಿಗರ್, ಮರದ ಹಿಡಿ ಎಲ್ಲವನ್ನೂ ಬದಲಿಸಲು ಬೇಕಾದ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯೇ ಇದೆ. ದಪ್ಪ ನಳಿಗೆಯೂ ಒಳ್ಳೆಯ ಟ್ರಿಗರೂ ಕೂಡಿದರೆ ಐವತ್ತು ಗಜದಲ್ಲಿ ಐದು ತೂತುಗಳು ಒಂದಕ್ಕೊಂದು ತಾಗಿಕೊಂಡು ಬೀಳುತ್ತವೆ. ಇನ್ನೊಂದು ದಾರಿ, ಎಆರ್ ಮಾದರಿಯಲ್ಲೇ .22ಕ್ಕೆಂದು ಮಾಡಿದ ರೈಫಲ್ಲು. ಎಆರ್-15ರ ಬೋಲ್ಟನ್ನು ಮಾತ್ರ ಬದಲಿಸಿ .223ರ ನಳಿಗೆಯಲ್ಲೇ .22 ಹೊಡೆಯುವ ಕಿಟ್ಟುಗಳೂ ಸಿಗುತ್ತವೆ; ಅವು ಕೈಪಳಗಿಸಲು ಸಾಕು, ನಿಖರತೆಗೆ ಸಾಲವು, ಏಕೆಂದರೆ ಆ ನಳಿಗೆಯ ಅಳತೆಯೂ ಒಳಗಿನ ಗೀರುಗಳ ತಿರುಪೂ ಈ ಗುಂಡಿಗೆ ಹೇಳಿ ಮಾಡಿಸಿದ್ದಲ್ಲ.

ಮಿತಿಯೂ ಅಷ್ಟೇ ಸ್ಪಷ್ಟ. ಐವತ್ತು ಗಜಕ್ಕೆ ಗುರಿ ಹೊಂದಿಸಿದ ರೈಫಲ್ಲಿನಲ್ಲಿ ನೂರು ಗಜಕ್ಕೆ ಗುಂಡು ಆರೇಳು ಇಂಚು ಕೆಳಗೆ ಬೀಳುತ್ತದೆ. ಅಳಿಲು, ಮೊಲಗಳಿಗೆ ಐವತ್ತರಿಂದ ಎಪ್ಪತ್ತೈದು ಗಜದೊಳಗೆ ಇದು ಸಾಕು, ಮಾಂಸವೂ ಕೆಡುವುದಿಲ್ಲ. ಅದಕ್ಕಿಂತ ದೊಡ್ಡ ಪ್ರಾಣಿಯ ಮೇಲೆ ಇದನ್ನು ಪ್ರಯೋಗಿಸಬಾರದು.

2002ರಲ್ಲಿ ಹಾರ್ನಡಿ ಕಂಪನಿ ತಂದ .17 ಎಚ್ಎಂಆರ್ ಇದರ ಚುರುಕಾದ ದಾಯಾದಿ: ಹದಿನೇಳು ಗ್ರೇನಿನ ಗುಂಡು, ಸೆಕೆಂಡಿಗೆ 2,550 ಅಡಿ. ನೂರೈವತ್ತು ಗಜದವರೆಗೆ ನೆಟ್ಟಗೆ ಹೋಗುತ್ತದೆ, ಆದರೆ ಗಾಳಿಗೆ ಬೇಗ ಬಾಗುತ್ತದೆ, ತಿನ್ನಬೇಕಾದ ಮೊಲವನ್ನು ಛಿದ್ರ ಮಾಡುತ್ತದೆ, .22ಕ್ಕಿಂತ ಎಷ್ಟೋ ಪಾಲು ದುಬಾರಿ. ಅದರ ಒತ್ತಡವನ್ನು ತಾಳಿಕೊಂಡು ಓಡುವ ಸೆಮಿ-ಆಟೊಮ್ಯಾಟಿಕ್ಕುಗಳೂ ಕೆಲವೇ. ಪ್ರತಿ ಈಡಿಗೂ ಬೋಲ್ಟನ್ನು ಕೈಯಿಂದ ಎಳೆಯುವ ಬೋಲ್ಟ್ ಆ್ಯಕ್ಷನ್ನಿನಲ್ಲಿ ಇದು ಬಹಳ ಚೆಂದದ ತೋಟಾ. ಸೆಮಿ-ಆಟೊಮ್ಯಾಟಿಕ್ ಬೇಕೆಂದು ಪಟ್ಟು ಹಿಡಿದವರಿಗೆ ನಾನು ಇದನ್ನು ಹೇಳುವುದಿಲ್ಲ.

.223 ಮತ್ತು 5.56: ಮೊದಲು ನೋಡಬೇಕಾದದ್ದು

1964ರಲ್ಲಿ ಮಾರುಕಟ್ಟೆಗೆ ಬಂದ .223 ರೆಮಿಂಗ್ಟನ್ ಈ ರೈಫಲ್ಲಿನ ಜೊತೆಗೇ ಬೆಳೆದ ತೋಟಾ. ಐವತ್ತೈದು ಗ್ರೇನಿನ ಗುಂಡು ಇಪ್ಪತ್ತನಾಲ್ಕು ಇಂಚಿನ ನಳಿಗೆಯಿಂದ ಸೆಕೆಂಡಿಗೆ 3,240 ಅಡಿ ವೇಗದಲ್ಲಿ, ಸುಮಾರು 1,280 ಅಡಿ-ಪೌಂಡು ಶಕ್ತಿಯೊಂದಿಗೆ ಹೊರಡುತ್ತದೆ. ಕಂಪನಿಗಳು ಡಬ್ಬಿಯ ಮೇಲೆ ಬರೆಯುವ ವೇಗಗಳು ಹೆಚ್ಚಾಗಿ ಇಂಥ ಉದ್ದದ ನಳಿಗೆಯವು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಹದಿನಾರು ಇಂಚಿನ ನಳಿಗೆಯಲ್ಲಿ ಇಂಚಿಗೆ ಇಪ್ಪತ್ತೈದರಿಂದ ಐವತ್ತು ಅಡಿಯಷ್ಟು ವೇಗ ಕಳೆದುಹೋಗುತ್ತದೆ ಎಂದು ಲೆಕ್ಕ ಹಿಡಿಯಬೇಕು. ಈ ಲೆಕ್ಕ ಮುಂದೆ ಬರುವ ತೋಟಾಗಳಿಗೂ ಹೆಚ್ಚುಕಡಿಮೆ ಸಲ್ಲುತ್ತದೆ.

ಹೊರನೋಟಕ್ಕೆ .223ಕ್ಕೂ ಸೈನ್ಯದ 5.56ಕ್ಕೂ ವ್ಯತ್ಯಾಸ ಕಾಣದು. ಆದರೆ 5.56ಕ್ಕೆ ಕೊರೆದ ಕೋಣೆಯಲ್ಲಿ, ಎಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗದಲ್ಲಿ, ಗುಂಡು ತಿರುಪನ್ನು ಮುಟ್ಟುವ ಮೊದಲು ಸ್ವಲ್ಪ ಹೆಚ್ಚು ಜಾಗವಿರುತ್ತದೆ. .223ಕ್ಕೆಂದು ಕೊರೆದ ಬಿಗಿಯಾದ ಕೋಣೆಯಲ್ಲಿ 5.56ರ ತೋಟಾ ಹೊಡೆದರೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ತಿರುಗುಮುರುಗು ಮಾಡಿದರೆ ತೊಂದರೆಯಿಲ್ಲ. ಹೊಸದಾಗಿ ಕಟ್ಟಿಸುವವರು .223 ವೈಲ್ಡ್ ಎಂಬ ಕೋಣೆಯನ್ನು ಕೇಳಿ ಪಡೆಯುವುದು ಉತ್ತಮ. ಬಿಲ್ ವೈಲ್ಡ್ ಎಂಬವರು ರೂಪಿಸಿದ ಆ ಕೋಣೆ ಎರಡೂ ತೋಟಾಗಳನ್ನು ಸುರಕ್ಷಿತವಾಗಿ ಹೊಡೆಯುತ್ತದೆ, ಭಾರದ ಗುಂಡುಗಳಲ್ಲಿ ನಿಖರತೆಯನ್ನೂ ಉಳಿಸಿಕೊಡುತ್ತದೆ.

ಅದಕ್ಕಿಂತ ದೊಡ್ಡ ನಿರ್ಧಾರ ತಿರುಪಿನದು. ನಳಿಗೆಯೊಳಗಿನ ಗೀರುಗಳು ಎಷ್ಟು ಇಂಚಿಗೆ ಒಂದು ಪೂರ್ಣ ಸುತ್ತು ತಿರುಗುತ್ತವೆ ಎಂಬುದೇ ತಿರುಪು. ಹನ್ನೆರಡು ಇಂಚಿಗೆ ಒಂದು ಸುತ್ತಿನ ನಳಿಗೆ ಐವತ್ತೈದು ಗ್ರೇನಿನವರೆಗೆ ಮಾತ್ರ ನಿಭಾಯಿಸುತ್ತದೆ. ಎಪ್ಪತ್ತೇಳು ಗ್ರೇನಿನ ಉದ್ದ ಗುಂಡಿಗೆ ಎಂಟು ಅಥವಾ ಏಳು ಇಂಚಿಗೆ ಒಂದು ಸುತ್ತು ಬೇಕು. ತಿರುಪು ಸಾಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಪಕ್ಕದ ಬೆಂಚಿನ ಹಿರಿಯರೊಬ್ಬರ ಗುರಿಕಾಗದದಲ್ಲಿ ನೋಡಿದೆ. ಗುಂಡಿನ ತೂತು ದುಂಡಗೆ ಇರಬೇಕಾದಲ್ಲಿ ಕಾಗದ ಉದ್ದಕ್ಕೆ ಸೀಳಿತ್ತು. ಒಂದು ತುದಿ ಚೂಪು, ಇನ್ನೊಂದು ತುದಿ ದುಂಡು, ಅಂಚಿನಲ್ಲಿ ಸೀಸದ ಬೂದುಗೆರೆ. ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಬಂದು ಅಡ್ಡಡ್ಡಲಾಗಿ ತಾಗಿತ್ತು. ಅವರು ತಪ್ಪು ರೈಫಲ್ಲನ್ನೇನೂ ಕೊಂಡಿರಲಿಲ್ಲ. ಹಳೆಯ ನಳಿಗೆಗೆ ತಪ್ಪು ಡಬ್ಬಿ ಕೊಂಡಿದ್ದರು. ಎಂಟು ಇಂಚಿನ ತಿರುಪು ಐವತ್ತೈದು ಗ್ರೇನಿನಿಂದ ಎಂಬತ್ತರವರೆಗೂ ನಡೆಯುವುದರಿಂದ ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ.

ಗುರಿ ಸ್ಪರ್ಧೆಯಲ್ಲಿ ಈ ತೋಟಾದ ಸಾಮರ್ಥ್ಯವನ್ನು ಅನುಮಾನಿಸಬೇಕಿಲ್ಲ. ಒಹಾಯೊ ರಾಜ್ಯದ ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ನಡೆಯುತ್ತ ಬಂದಿರುವ ರಾಷ್ಟ್ರೀಯ ಪಂದ್ಯಗಳಲ್ಲಿ ಸರ್ವಿಸ್ ರೈಫಲ್ (ಸೈನ್ಯದ ಮಾದರಿಯ ರೈಫಲ್ಲು) ವಿಭಾಗದವರು ಇನ್ನೂರು, ಮುನ್ನೂರು, ಆರುನೂರು ಗಜಗಳಿಗೆ ಹೊಡೆಯುತ್ತಾರೆ; ಅಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಇದೇ. ಹತ್ತಿರದ ದೂರಗಳಿಗೆ ಮ್ಯಾಗಝೀನಿನಿಂದ ಎಪ್ಪತ್ತೇಳು ಗ್ರೇನಿನವು. ಆರುನೂರು ಗಜಕ್ಕೆ ಎಂಬತ್ತು ಗ್ರೇನಿನವು. ಈ ಎರಡನೆಯವು ಮ್ಯಾಗಝೀನಿಗೆ ಹಿಡಿಸದಷ್ಟು ಉದ್ದವಾದ್ದರಿಂದ ಒಂದೊಂದನ್ನೇ ಕೈಯಿಂದ ಕೋಣೆಗೆ ಇಡುತ್ತಾರೆ. ನಾನು ಮೇಲೆ ಹೇಳಿದ 2.26 ಇಂಚಿನ ಇಕ್ಕಟ್ಟು ಸ್ಪರ್ಧೆಯ ಮೈದಾನದಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಬೇಟೆಯ ಮಾತು ಬೇರೆ. ತೋಳದ ಜಾತಿಯ ಕಯೋಟಿ, ನರಿಗಳಿಗೆ ಐವತ್ತರಿಂದ ಐವತ್ತೈದು ಗ್ರೇನಿನ ತೆಳುಹೊದಿಕೆಯ ಗುಂಡು ಇನ್ನೂರೈವತ್ತು ಗಜದವರೆಗೆ ಸಾಕು. ಜಿಂಕೆ ಮತ್ತು ಕಾಡುಬಿದ್ದ ಹಂದಿಗಳಿಗೆ ಅದೇ ಗುಂಡು ಅನ್ಯಾಯ. ಇದನ್ನು ನಾನು ಹೇಳುವುದು ನನ್ನದೇ ತಪ್ಪಿನಿಂದ. ಮೊದಲ ವರ್ಷ ಸ್ನೇಹಿತರೊಬ್ಬರ ರ‍್ಯಾಂಚಿನಲ್ಲಿ ದನಗಳ ನೀರಿನ ಹೊಂಡದ ಪಕ್ಕ, ಬೆಳಕು ಹರಿಯುವ ಹೊತ್ತಿಗೆ, ತೊಂಬತ್ತು ಗಜದಲ್ಲಿ ಸುಮಾರು ನೂರು ಪೌಂಡಿನ ಹಂದಿಯೊಂದಕ್ಕೆ ಕಯೋಟಿಯ ಗುಂಡಿನಿಂದಲೇ ಹೊಡೆದೆ. ಏಟು ಭುಜಕ್ಕೆ ಬಿತ್ತು. ಹಂದಿ ಮುಗ್ಗರಿಸಿ ಎದ್ದು ಪೊದೆಗೆ ನುಗ್ಗಿತು. ಕಲ್ಲಿನ ಮೇಲಿನ ಹನಿಹನಿ ರಕ್ತವನ್ನು ಹಿಂಬಾಲಿಸಿ ಅದನ್ನು ಕಂಡು ಮುಗಿಸುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಸುಲಿಯುವಾಗ ನೋಡಿದರೆ ಗುಂಡು ಭುಜದ ಗಟ್ಟಿ ಚರ್ಮ ಮತ್ತು ಮೂಳೆಯಲ್ಲೇ ಪುಡಿಯಾಗಿ ಹೋಗಿತ್ತು. ಒಳಗೆ, ಶ್ವಾಸಕೋಶದ ಕಡೆಗೆ ಎರಡು ಚೂರು ಮಾತ್ರ ತಲುಪಿದ್ದವು. ಆ ಬೆಳಗಿನ ನಂತರ ಹಂದಿ, ಜಿಂಕೆಗಳಿಗೆ ಒಡೆಯದೆ ಅರಳುವ ಅರವತ್ತೆರಡರಿಂದ ಎಪ್ಪತ್ತು ಗ್ರೇನಿನ ಗುಂಡು, ಎಂದರೆ ಪೂರ್ತಿ ತಾಮ್ರದ್ದು ಅಥವಾ ಹೊದಿಕೆಯನ್ನು ಸೀಸಕ್ಕೆ ಬೆಸೆದಿರುವುದು, ಬಿಟ್ಟು ಬೇರೆಯದನ್ನು ನಾನು ತುಂಬಿಲ್ಲ; ನೂರೈವತ್ತು ಗಜಕ್ಕಿಂತ ದೂರ ಹೊಡೆದೂ ಇಲ್ಲ. ಕ್ಯಾಲಿಬರಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಗುಂಡಿನ ರಚನೆಗೆ ಐದು ನಿಮಿಷ ಕೊಡದಿರುವುದು ನನಗೆ ಇಂದಿಗೂ ಬೇಸರದ ಸಂಗತಿ.

.204 ರೂಗರ್: ಒಂದೇ ಕೆಲಸದ ತೋಟಾ

2004ರಲ್ಲಿ ಬಂದ ಇದರ ಮೂವತ್ತೆರಡು ಗ್ರೇನಿನ ಗುಂಡು ಸೆಕೆಂಡಿಗೆ 4,225 ಅಡಿ ವೇಗದಲ್ಲಿ ಹೊರಡುತ್ತದೆ. ಬೋಲ್ಟು, ಮ್ಯಾಗಝೀನು .223ರವೇ ಸಾಕು, ನಳಿಗೆ ಮಾತ್ರ ಬೇರೆ. ದಕ್ಷಿಣ ಡಕೋಟ, ಮೊಂಟಾನಗಳ ಹುಲ್ಲುಗಾವಲಿನಲ್ಲಿ ಪ್ರೇರಿ ಡಾಗ್ ಎಂಬ ಬಿಲದ ಅಳಿಲುಗಳಿಗೆ ಇನ್ನೂರರಿಂದ ಮುನ್ನೂರೈವತ್ತು ಗಜದಲ್ಲಿ ಇದರಷ್ಟು ಸರಾಗವಾದ ತೋಟಾ ಕಡಿಮೆ. ಒದೆತ ಎಷ್ಟು ಕಡಿಮೆಯೆಂದರೆ ಗುಂಡು ತಾಗುವುದನ್ನು ರೈಫಲ್ಲಿನ ದುರ್ಬೀನಿನಲ್ಲೇ ನೋಡಬಹುದು. ವೇಗಕ್ಕೆ ತಕ್ಕಂತೆ ನಳಿಗೆ ಬಿಸಿಯಾಗುತ್ತದೆ. ಒಂದೇ ಸಮನೆ ಹೊಡೆದರೆ ಬೇಗ ಸವೆಯುತ್ತದೆ. ಜಿಂಕೆಗೂ ಸಲ್ಲದು, ದೂರದ ಗುರಿಕಾಗದಕ್ಕೂ ಸಲ್ಲದು. ಪ್ರತಿ ಬೇಸಿಗೆಯೂ ಆ ಬಯಲುಗಳಿಗೆ ಹೋಗುವವರಿಗೆ ಮಾತ್ರ ಇದು ಸರಿ.

.22 ನಾಸ್ಲರ್, .224 ವಾಲ್ಕಿರಿ

ಒಂದರ ಹಿಂದೊಂದು ಬಂದ ಈ ಎರಡೂ .223ರ ಗುಂಡನ್ನೇ ಇನ್ನಷ್ಟು ಮದ್ದಿನಿಂದ ತಳ್ಳುವ ಪ್ರಯತ್ನಗಳು. 2017ರ ನಾಸ್ಲರ್ ಐವತ್ತೈದು ಗ್ರೇನಿನ ಗುಂಡನ್ನು 3,500 ಅಡಿಗೆ ಏರಿಸುತ್ತದೆ. ಅದರ ಚಿಪ್ಪಿನ ತಳದ ಅಂಚನ್ನು ಕಿರಿದು ಮಾಡಿರುವುದರಿಂದ .223ರ ಬೋಲ್ಟೇ ಸಾಕು, ಆದರೆ ಮ್ಯಾಗಝೀನು 6.8 ಎಸ್‌ಪಿಸಿ ಎಂಬ ಇನ್ನೊಂದು ತೋಟಾದ್ದು ಬೇಕು. ವಾಲ್ಕಿರಿಗೆ ಬೋಲ್ಟೂ ಮ್ಯಾಗಝೀನೂ ಎರಡೂ ಬೇರೆ. ಪ್ರತಿಯಾಗಿ ಅದು ತೊಂಬತ್ತು ಗ್ರೇನಿನ ಉದ್ದ ಗುಂಡನ್ನು 2,700 ಅಡಿ ವೇಗದಲ್ಲಿ ಕಳಿಸಿ, ಸಾವಿರ ಗಜದ ಆಚೆಗೂ ಶಬ್ದದ ವೇಗಕ್ಕಿಂತ ಮೇಲೆ ಉಳಿಸುತ್ತದೆ.

ಗುರಿಕಾಗದದ ದೃಷ್ಟಿಯಿಂದ ವಾಲ್ಕಿರಿ ಆಕರ್ಷಕ. ಆದರೆ ಇವೆರಡರದೂ ಒಂದೇ ತೊಡಕು: ಕ್ಯಾಲಿಬರು .224 ಆಗಿಯೇ ಉಳಿಯುವುದರಿಂದ ಕೊಲರಾಡೊ, ವರ್ಜೀನಿಯಾಗಳಲ್ಲಿ ಜಿಂಕೆಗೆ ಇವೂ ನಿಷಿದ್ಧ. ಹೆಚ್ಚು ಹಣ ಕೊಟ್ಟೂ ಕಾನೂನಿನ ಬಾಗಿಲು ತೆರೆಯದಿದ್ದರೆ ಬೇಟೆಗಾರನಿಗೆ ಲಾಭವೇನು? ತೋಟಾದ ಬಗೆಗಳೂ ಅಂಗಡಿಗಳಲ್ಲಿ .223ರ ಮುಂದೆ ಬೆರಳೆಣಿಕೆಯಷ್ಟು. ಸ್ವತಃ ತೋಟಾ ತುಂಬಿಕೊಳ್ಳುವ ಹವ್ಯಾಸವಿರುವವರಿಗೆ ಇವು ಸರಿ; ಉಳಿದವರು ಮುಂದಿನ ಎರಡನ್ನು ನೋಡಬೇಕು.

6.5 ಗ್ರೆಂಡೆಲ್ ಮತ್ತು 6 ಎಂಎಂ ಎಆರ್‌ಸಿ

.223 ಸಾಲದು, ಆದರೆ ಇದೇ ಮಾದರಿಯ, ಇನ್ನೂ ದೊಡ್ಡ ಮತ್ತು ಭಾರದ ಎಆರ್-10 ಬೇಡ ಎನ್ನುವವರ ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ.

ಬಿಲ್ ಅಲೆಕ್ಸಾಂಡರ್ 2003ರಲ್ಲಿ ಹೊರತಂದ ಗ್ರೆಂಡೆಲ್ಲಿನ ಚಿಪ್ಪು ಮೋಟು, ದಪ್ಪ. ನೂರಿಪ್ಪತ್ತಮೂರು ಗ್ರೇನಿನ ಗುಂಡು ಇಪ್ಪತ್ತನಾಲ್ಕು ಇಂಚಿನ ನಳಿಗೆಯಿಂದ 2,580 ಅಡಿ ವೇಗದಲ್ಲಿ, ಸುಮಾರು 1,800 ಅಡಿ-ಪೌಂಡು ಶಕ್ತಿಯಲ್ಲಿ ಹೊರಡುತ್ತದೆ; .223ಕ್ಕಿಂತ ಶೇ 40ರಷ್ಟು ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಉದ್ದನೆಯ ಭಾರದ ಗುಂಡಾದ್ದರಿಂದ ಆ ಶಕ್ತಿಯನ್ನು ದೂರದವರೆಗೂ ಉಳಿಸಿಕೊಳ್ಳುತ್ತದೆ. ಬಿಳಿಬಾಲದ ಜಿಂಕೆಗೆ ಮುನ್ನೂರು ಗಜದವರೆಗೆ, ದೊಡ್ಡ ಹಂದಿಗೆ ಇನ್ನೂರು ಗಜದವರೆಗೆ ಇದನ್ನು ನೆಮ್ಮದಿಯಿಂದ ನಂಬಬಹುದು. ಒದೆತ .223ಕ್ಕಿಂತ ಹೆಚ್ಚೆಂಬುದು ಗೊತ್ತಾಗುತ್ತದೆ, ನೋಯಿಸುವುದಿಲ್ಲ; ಹದಿಹರೆಯದ ಮಕ್ಕಳೂ ತಾಳಿಕೊಳ್ಳುತ್ತಾರೆ.

2020ರಲ್ಲಿ ಹಾರ್ನಡಿ ಇದೇ ಚಿಪ್ಪಿನ ಕುತ್ತಿಗೆಯನ್ನು ಕಿರಿದು ಮಾಡಿ 6 ಎಂಎಂ ಎಆರ್‌ಸಿಯನ್ನು ತಂದಿತು. ನೂರೆಂಟು ಗ್ರೇನಿನ ಗುಂಡು, 2,750 ಅಡಿ. ನಳಿಗೆಯ ಬಾಯಿಯ ಬಳಿ ಶಕ್ತಿ ಹೆಚ್ಚುಕಡಿಮೆ ಗ್ರೆಂಡೆಲ್ಲಿನಷ್ಟೇ. ವ್ಯತ್ಯಾಸ ಕಾಣುವುದು ದೂರದಲ್ಲಿ, ಗಾಳಿಯಲ್ಲಿ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಬೀಸುತ್ತಿದ್ದರೆ ಆರುನೂರು ಗಜಕ್ಕೆ .223ರ ಎಪ್ಪತ್ತೇಳು ಗ್ರೇನಿನ ಗುಂಡು ಸುಮಾರು ಮೂರಡಿ ಪಕ್ಕಕ್ಕೆ ಸರಿಯುತ್ತದೆ. ಎಆರ್‌ಸಿಯದ್ದು ಎರಡಡಿಯಷ್ಟು ಮಾತ್ರ. ಗ್ರೆಂಡೆಲ್ ಇವೆರಡರ ನಡುವೆ, ಎಆರ್‌ಸಿಗೆ ಹತ್ತಿರ. ಗಾಳಿಯನ್ನು ಓದುವುದರಲ್ಲಿ ನಾವೆಲ್ಲ ತಪ್ಪುತ್ತೇವೆ. ಗುಂಡು ಕಡಿಮೆ ಸರಿದಷ್ಟೂ ನಮ್ಮ ತಪ್ಪಿಗೆ ತೆರುವ ದಂಡ ಕಡಿಮೆ.

ಎರಡಕ್ಕೂ ಬೆಲೆ ತೆರಬೇಕಾದದ್ದು ಬೋಲ್ಟಿನಲ್ಲಿ. ಚಿಪ್ಪಿನ ತಳ ಅಗಲವಾದ್ದರಿಂದ ಬೋಲ್ಟಿನ ಮುಖದ ಸುತ್ತಲಿನ ಉಕ್ಕು ತೆಳು, ಆ ಕಾರಣಕ್ಕೇ .223ಕ್ಕೆ ಒಪ್ಪಿತವಾದ ಗರಿಷ್ಠ ಒತ್ತಡ ಚದರ ಇಂಚಿಗೆ 55,000 ಪೌಂಡ್ ಆದರೆ ಇವೆರಡಕ್ಕೆ 52,000. ಅಗ್ಗದ ಬೋಲ್ಟು ಕೊಳ್ಳದೆ, ತಯಾರಕರು ಹೇಳಿದ ಮಿತಿಯನ್ನು ಮೀರದೆ ಇದ್ದರೆ ಭಯಪಡಬೇಕಿಲ್ಲ, ಆದರೂ ಒಂದು ಬೋಲ್ಟನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ. ಮ್ಯಾಗಝೀನೂ ಬೇರೆಯೇ ಬೇಕು. ಗ್ರೆಂಡೆಲ್ಲಿಗೆ ಒಂದು ಕಾಲದಲ್ಲಿ ರಷ್ಯಾದ ಉಕ್ಕಿನ ಚಿಪ್ಪಿನ ಅಗ್ಗದ ತೋಟಾ ಸಿಗುತ್ತಿತ್ತು. 2021ರಲ್ಲಿ ಅಮೆರಿಕ ಹೊಸ ಆಮದು ಪರವಾನಗಿಗಳನ್ನು ನಿಲ್ಲಿಸಿದ ಮೇಲೆ ಆ ಅನುಕೂಲ ಕೈಬಿಟ್ಟಿತು. ಈಗ ಎರಡರ ತೋಟಾವೂ .223ರ ಅಭ್ಯಾಸದ ತೋಟಾಕ್ಕಿಂತ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ದುಬಾರಿ.

ಹಾಗಾದರೆ ಯಾವುದು? ಮಾಂಸಕ್ಕಾಗಿ, ಮುನ್ನೂರು ಗಜದೊಳಗೆ, ಹದಿನಾರು ಅಥವಾ ಹದಿನೆಂಟು ಇಂಚಿನ ಹಗುರ ನಳಿಗೆಯಲ್ಲಿ ಬೇಟೆಯಾಡುವವರಿಗೆ ಗ್ರೆಂಡೆಲ್. ದಪ್ಪ ಗುಂಡು ಮೂಳೆಯನ್ನು ಹೆಚ್ಚು ಭರವಸೆಯಿಂದ ದಾಟುತ್ತದೆ. ವರ್ಷದ ಹೆಚ್ಚಿನ ದಿನ ಆರುನೂರರಿಂದ ಸಾವಿರ ಗಜದ ಉಕ್ಕಿನ ಗುರಿಗಳಿಗೆ ಹೊಡೆದು, ನವೆಂಬರಿನಲ್ಲಿ ಒಂದು ಜಿಂಕೆ ತರುವವರಿಗೆ ಎಆರ್‌ಸಿ. ಅದಕ್ಕೆ ಇಪ್ಪತ್ತು ಇಂಚಿಗಿಂತ ಕಡಿಮೆಯ ನಳಿಗೆ ಹಾಕಿದರೆ ಅದರ ಗುಣವನ್ನೇ ಬಿಟ್ಟುಕೊಟ್ಟಂತೆ. ಇದರ ವ್ಯಾಸ .243 ಇಂಚು, ಗ್ರೆಂಡೆಲ್ಲಿನದು ಅದಕ್ಕಿಂತ ದೊಡ್ಡದಾದ್ದರಿಂದ .24ರ ಮಿತಿಯಿರುವ ರಾಜ್ಯಗಳಲ್ಲೂ ಎರಡೂ ನಡೆಯುತ್ತವೆ.

.300 ಬ್ಲ್ಯಾಕ್‌ಔಟ್ ಬಗ್ಗೆ ಒಂದು ಎಚ್ಚರಿಕೆ

ಇದು ಸಣ್ಣ ಕ್ಯಾಲಿಬರಲ್ಲ, ಆದರೂ ಬಿಡುವಂತಿಲ್ಲ. .223ರ ಚಿಪ್ಪನ್ನೇ ಮೋಟು ಮಾಡಿ, ಬಾಯಿಯನ್ನು .30 ಕ್ಯಾಲಿಬರಿಗೆ ಅಗಲಿಸಿದ ತೋಟಾ ಇದು. ಬೋಲ್ಟು, ಮ್ಯಾಗಝೀನು ಎರಡೂ .223ರವೇ; ನೂರೈವತ್ತು ಗಜದೊಳಗಿನ ಹಂದಿಬೇಟೆಗೆ, ಸದ್ದಡಗಿಸುವ ಸಾಧನವನ್ನು ಕಾನೂನುಬದ್ಧವಾಗಿ ಬಳಸುವವರಿಗೆ ಒಳ್ಳೆಯದು. ಅನುಕೂಲವಾದ ಆ ಹೋಲಿಕೆಯೇ ಅಪಾಯ ಕೂಡ. ಬ್ಲ್ಯಾಕ್‌ಔಟ್ ತೋಟಾ ತಪ್ಪಿ .223ರ ಕೋಣೆಗೆ ಹೋದರೆ ಕೆಲವೊಮ್ಮೆ ಬೋಲ್ಟು ಪೂರ್ತಿ ಮುಚ್ಚಿಕೊಳ್ಳುತ್ತದೆ, ಟ್ರಿಗರ್ ಎಳೆದರೆ .308 ಇಂಚಿನ ಗುಂಡು .224 ಇಂಚಿನ ನಳಿಗೆಯಲ್ಲಿ ಸಿಕ್ಕಿ ರೈಫಲ್ಲು ಮುಖದ ಮುಂದೆಯೇ ಸಿಡಿಯುತ್ತದೆ. ಎರಡೂ ಇರುವ ಮನೆಯಲ್ಲಿ ಮ್ಯಾಗಝೀನುಗಳ ಬಣ್ಣ ಬೇರೆ ಇರಬೇಕು, ರೇಂಜಿಗೆ ಒಂದು ದಿನ ಒಂದನ್ನೇ ಒಯ್ಯಬೇಕು. ನಾನು ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿಲ್ಲ, ಇಟ್ಟುಕೊಳ್ಳುವುದೂ ಇಲ್ಲ.

ನಿಮ್ಮ ಕೈಯಲ್ಲಿರುವ ಹಣಕ್ಕೆ

ಮೊದಲ ರೈಫಲ್ಲು, ಹಣ ಕಡಿಮೆ, ರೇಂಜು ಹತ್ತಿರ: ಒಂದು .22 ಕೊಂಡು ಒಂದು ವರ್ಷ ಅದರಲ್ಲೇ ಕಲಿಯಬೇಕು. .223ರ ಒಂದು ತೋಟಾದ ಬೆಲೆಗೆ .22ರ ನಾಲ್ಕೈದು ಸಿಗುತ್ತವೆ, ಉಸಿರು ಹಿಡಿಯುವುದನ್ನೂ ಟ್ರಿಗರ್ ಒತ್ತುವುದನ್ನೂ ಎರಡೂ ಒಂದೇ ಬಗೆಯಲ್ಲಿ ಕಲಿಸುತ್ತವೆ.

ಒಂದೇ ರೈಫಲ್ಲಿನಲ್ಲಿ ಗುರಿಯೂ ಕಯೋಟಿಯೂ ಆಗಬೇಕು, ಟೆಕ್ಸಸ್ಸಿನಂಥ ರಾಜ್ಯದಲ್ಲಾದರೆ ಆಗೊಂದು ಈಗೊಂದು ಹಂದಿಯೂ ಆಗಬೇಕು ಎನ್ನುವವರಿಗೆ .223 ವೈಲ್ಡ್ ಕೋಣೆ, ಎಂಟು ಇಂಚಿನ ತಿರುಪು, ಹದಿನೆಂಟು ಇಂಚಿನ ನಳಿಗೆ. ನನ್ನನ್ನು ಕೇಳುವವರಲ್ಲಿ ಮುಕ್ಕಾಲು ಪಾಲು ಜನರಿಗೆ ನಾನು ಹೇಳುವುದು ಇದೇ. ಉಳಿದ ಹಣವನ್ನು ಒಳ್ಳೆಯ ದುರ್ಬೀನು, ಒಳ್ಳೆಯ ಟ್ರಿಗರ್ ಮತ್ತು ತೋಟಾಗಳಿಗೆ ಇಡಬೇಕು. ಕಿವಿಗೆ ರಕ್ಷಣೆಯಿಲ್ಲದೆ ಒಂದು ಈಡನ್ನೂ ಹೊಡೆಯಬಾರದು.

ಆ ರೈಫಲ್ಲಿನಲ್ಲಿ ಎರಡು ಋತು ಕಳೆದ ಮೇಲೆ, ಇದರಿಂದ ಆಗದ ಕೆಲಸ ಇಂಥದ್ದೇ ಎಂದು ಬೆರಳಿಟ್ಟು ತೋರಿಸಬಲ್ಲಿರಾದರೆ, ಆಗ ಗ್ರೆಂಡೆಲ್ಲಿನದೋ ಎಆರ್‌ಸಿಯದೋ ಎರಡನೆಯ ಮೇಲ್ಭಾಗವನ್ನು ಕೊಳ್ಳಬಹುದು. ಕೆಳಭಾಗ ಹೇಗೂ ಅದೇ. ಕೊಳ್ಳುವ ಮುನ್ನ ನಿಮ್ಮ ಊರಿನ ಎರಡು ಮೂರು ಅಂಗಡಿಗಳಿಗೆ ಹೋಗಿ ಆ ತೋಟಾದ ಎಷ್ಟು ಡಬ್ಬಿಗಳು ಕಪಾಟಿನಲ್ಲಿವೆ ಎಂದು ಎಣಿಸಿ ನೋಡಿ. ಅಕ್ಟೋಬರಿನಲ್ಲಿ, ಜಿಂಕೆಯ ಋತುವಿನ ಹೊಸ್ತಿಲಲ್ಲಿ, ನೀವು ಗುರಿ ಹೊಂದಿಸಿದ ಅದೇ ಗುಂಡಿನ ಡಬ್ಬಿ ಸಿಗದೆ ಬೇರೆಯದನ್ನು ಒಯ್ಯಬೇಕಾಗಿ ಬಂದರೆ ಗುರಿಯನ್ನು ಮೊದಲಿನಿಂದ ಹೊಂದಿಸಬೇಕಾಗುತ್ತದೆ. ಆದ್ದರಿಂದ ನಳಿಗೆಯ ಜೊತೆಯಲ್ಲೇ ಒಂದೇ ಲಾಟಿನ ಇನ್ನೂರು ತೋಟಾಗಳನ್ನು ಕೊಂಡು, ನೂರನ್ನು ರೇಂಜಿನಲ್ಲಿ ಸುಟ್ಟು, ಉಳಿದ ನೂರನ್ನು ಬೇಟೆಗೆಂದು ಬೀಗ ಹಾಕಿ ಇಟ್ಟುಕೊಳ್ಳಿ.